ಕೂತವರಿಗೇ ಏಳುವ ಕೈ

ನಮ್ಮತ್ತೆಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಹೈದರಾಬಾದು ಸಂಸ್ಥಾನ ಬೀಳುವ ಮುಂಚಿನ ಗದ್ದಲದಲ್ಲಿ ಯಾರೋ ಕುದುರೆಯ ಮೇಲಿಂದಲೇ ವಾಲೆ ಕಿತ್ತುಕೊಂಡು ಹೋಗಿದ್ದರಂತೆ. ಅಂದಿನಿಂದ ಬಾಗಿಲಾಚೆ ಗೊರಸಿನ ಸದ್ದಾದರೆ ಸಾಕು, ರೊಟ್ಟಿ ಬಡಿಯುವ ಅವರ ಕೈ ನಿಂತುಬಿಡುತ್ತಿತ್ತು. ಸುರಪುರದ ಹತ್ತಿರದ ಆ ಕುರಿಗಾರರ ಮನೆಗೆ ನಾನು ಸೊಸೆಯಾಗಿ ಹೋದ ಹೊಸತರಲ್ಲಿ ಅವರನ್ನು ನೋಡಿ ನನಗೂ ಅಂಜಿಕೆ ಹತ್ತಿತ್ತು.

ಊರ ಕಮಿಟಿಯಲ್ಲಿ ನಿಜಾಮನ ಕಾಲದಿಂದ ಗೌಡರೇ ಕೂತಿದ್ದರು. ಮಿಲಿಟರಿ ಬಂತು, ಬಾವುಟ ಬದಲಾಯಿತು, ಗೌಡರ ಟೋಪಿಯೂ ಬದಲಾಯಿತು; ಕುರ್ಚಿ ಮಾತ್ರ ಅವರದೇ. ಸಕ್ಕರೆ, ಸೀಮೆಎಣ್ಣೆ, ಕಡೆಗೆ ಹೆಣಕ್ಕೆ ಹೊದಿಸುವ ಬಟ್ಟೆಗೂ ಅವರ ಚೀಟಿಯೇ ಬೇಕು. ಹೊಸ ಕಮಿಟಿ ಮಾಡಲು ಬಂದ ತಹಶೀಲ್ದಾರರು, ಐದು ಕುರ್ಚಿಗಳನ್ನು ಓಟಿನ ಪ್ರಮಾಣದಲ್ಲಿ ಹಂಚುವುದಾಗಿ ಹೇಳಿದರು. ಊರಿನ ಐದರಲ್ಲೊಂದು ಪಾಲು ಜನ ಕೈ ಎತ್ತಿದರೆ ಆ ಗುಂಪಿಗೊಂದು ಕುರ್ಚಿ.

ಕುರಿಗಾರರಿಗೆ ಆಸೆ ಹುಟ್ಟಿತು. ಕುರಿ ಮೇಯುವ ಊರೊಟ್ಟಿನ ಹುಲ್ಲುಗಾವಲು, ಗಾಯರಾಣವನ್ನು ಗೌಡರ ಅಳಿಯ ಉಳುವುದರಲ್ಲಿದ್ದ. ಆದರೆ ಗೌಡರ ಎದುರು ನಿಲ್ಲಲು ಗಂಡಸರು ಯಾರೂ ಒಪ್ಪಲಿಲ್ಲ.

“ನನ್ನ ಹೆಸರ ಹೇಳ್ರಿ,” ಅಂದರು ಅತ್ತೆ. “ಗಂಡಸರ ನಿಂತ್ರ ಹೊಡೀತಾರ. ನನಗ ಬರೇ ಬೈತಾರ.”

ಮರುದಿನ ಮಧ್ಯಾಹ್ನ ಗೌಡರೇ ಬಂದು ನಮ್ಮ ಕಟ್ಟೆಯ ಮೇಲೆ ಕೂತು ನೀರು ಕೇಳಿದರು. ಕುಡಿದು, ತಂಬಿಗೆ ಮೆಲ್ಲಗೆ ಇಟ್ಟರು.

“ತಂಗಿ, ನಿನ್ನ ಮಗ ಹಿಂಡ ಹೊಡಕೊಂಡ ಕೃಷ್ಣಾ ದಂಡಿಗಿ ಹೋಗ್ಯಾನಂತಲ್ಲ. ದಾರಿ ಛಲೋ ಇಲ್ಲ ನೋಡು.”

“ಹೌದ್ರಿ, ಗೌಡ್ರ.”

ಅವರು ಹೋದ ಮೇಲೆ ಅತ್ತೆ ಹಗಲಲ್ಲೇ ಬಾಗಿಲಿಗೆ ಅಗಳಿ ಹಾಕಿದರು. ಹಿಂಡಿನ ಜೊತೆ ಹೋಗಿದ್ದವನು ನನ್ನ ಗಂಡ. “ಬ್ಯಾಡ ಬಿಡ್ರಿ, ಅತ್ತಿ,” ಅಂದೆ.

“ಅಂಜಿಕಿ ಹೋಗಲಿ ಅಂತ ಕುಂತ್ರ ಅದು ಹೋಗಂಗಿಲ್ಲವ್ವ. ಟೊಂಕದ ಮ್ಯಾಲ ಕೂಸು ಹೊತ್ತಂಗ ಹೊತಗೊಂಡ ಹೋಗಬೇಕು.”

ಚಾವಡಿಯಲ್ಲಿ ಗೌಡರು ಕುರ್ಚಿಯ ಮೇಲೆ ಕೂತು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಅವರ ಹೆಸರಿಗೆ ಕೈಗಳು ತಡವಿಲ್ಲದೆ ಎದ್ದವು. ಅತ್ತೆಯ ಹೆಸರು ಕೂಗಿದಾಗ ಯಾರೂ ಅಲುಗಲಿಲ್ಲ. ನಾನು ಕೈ ಎತ್ತಿದೆ. ಆಮೇಲೆ ಬೆನ್ನ ಹಿಂದೆ ಬಳೆಗಳ ಸದ್ದು. ಒಂದು ಕುರ್ಚಿಗೆ ಸಾಕಾಗುವಷ್ಟು ಕೈಗಳು ಎದ್ದಿದ್ದವು; ಉಳಿದ ನಾಲ್ಕು ಗೌಡರ ಗುಂಪಿಗೇ ಹೋದವು.

ಗಂಡ ತಿರುಗಿ ಬರುವವರೆಗೆ ನಮಗಿಬ್ಬರಿಗೂ ಅನ್ನ ಇಳಿಯಲಿಲ್ಲ. ಅವನು ಬಂದ, ಹಿಂಡು ಕಾಯುವ ನಾಯಿ ಬರಲಿಲ್ಲ. ದಾರಿಯಲ್ಲಿ ಯಾರೋ ವಿಷ ಹಾಕಿದ್ದರು. ಆ ನಾಯಿಯನ್ನು ಸಾಕಿದ್ದ ಅತ್ತೆ ಮರುದಿನವೇ ಕಮಿಟಿಗೆ ಹೋದರು. ಗಾಯರಾಣವನ್ನು ಗೌಡರ ಅಳಿಯನಿಗೆ ಬಿಟ್ಟುಕೊಡುವ ಮಾತು ಬಂದಾಗ ನಾಲ್ವರು ಹೂಂ ಅಂದರು, ಅತ್ತೆ ಒಲ್ಲೆ ಅಂದರು. ಒಬ್ಬರ ತಕರಾರಿದೆಯೆಂದು ತಹಶೀಲ್ದಾರರೇ ನೋಡಲು ಬಂದರು. ಹುಲ್ಲು ಉಳಿಯಿತು.

ಮುಂದಿನ ಚುನಾವಣೆಯ ಹೊತ್ತಿಗೆ ನಮ್ಮ ಓಣಿಯ ಸಕ್ಕರೆ, ಸೀಮೆಎಣ್ಣೆಯ ಚೀಟಿಗಳನ್ನು ಕಮಿಟಿಯ ಪರವಾಗಿ ಅತ್ತೆಯೇ ಕೊಡುತ್ತಿದ್ದರು. ಈ ಸಲ ಅವರ ಹೆಸರು ಕೂಗಿ ಮುಗಿಯುವ ಮೊದಲೇ ಕೈಗಳು ಎದ್ದವು. ಸೀಮೆಎಣ್ಣೆಗೆಂದು ಮನೆಗೆ ಬರುತ್ತಿದ್ದ ಒಬ್ಬ ವಿಧವೆ, ಅತ್ತೆಗೆ ಕಾಣಲೆಂದು ತುದಿಗಾಲಲ್ಲಿ ನಿಂತು ಕೈ ಎತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅತ್ತೆಯ ಮುಖ ಬಿಳಚಿಕೊಂಡಿತ್ತು. “ನೋಡಿದೇನ? ಮಂದಿ ನನಗ ಅಂಜಾಕತ್ತಾರ.”

ಅವರು ಮತ್ತೆ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಮಿಟಿಯಲ್ಲಿ ಒಂದೇ ಹಟ ಹಿಡಿದರು: “ಕೈ ಎತ್ತಿಸೂದು ಬಿಡ್ರಿ. ಮರ್ಯಾಗ ಡಬ್ಬಿ ಇಡ್ರಿ.”

ಗೌಡರು ನಕ್ಕರು. “ನಿನಗೂ ಲುಕ್ಸಾನ ಐತಿ, ತಂಗಿ.”

“ಆಗ್ಲಿ ಬಿಡ್ರಿ.”

ವರ್ಷಗಟ್ಟಲೆ ಅದನ್ನೇ ಹೇಳಿ, ಕಡೆಗೆ ತಡಿಕೆಯ ಮರೆಯಲ್ಲಿ ಹೆಸರಿಗೊಂದು ಡಬ್ಬಿ ಇಡಿಸಿದರು. ಗೌಡರ ಗುಂಪಿಗೆ ಎರಡು ಕುರ್ಚಿ ಕಡಿಮೆಯಾದವು. ಅತ್ತೆ ಸೋತರು; ಅವರ ಕುರ್ಚಿ ನಮ್ಮ ಓಣಿಯ ಇನ್ನೊಬ್ಬ ಕುರಿಗಾರನಿಗೆ ಹೋಯಿತು.

ಮನೆಗೆ ಬಂದು ಕಾಲು ತೊಳೆದು ಉಂಡರು. ನನ್ನ ಓಟು ಯಾರ ಡಬ್ಬಿಗೆ ಬಿತ್ತೆಂದು ಅಂದು ಕೇಳಲಿಲ್ಲ, ಸಾಯುವವರೆಗೂ ಕೇಳಲಿಲ್ಲ.