ಭಟ್ಟಿಯ ಬಾಗಿಲು ತೆಗೆದವಳು ನಾನು

ರಜಿಯಾ, ನಿನ್ನ ಲೇಪನ ಸೋತಿತು ಎಂದು ಅಂದು ನಾನು ಹೇಳಿದ್ದು ಸುಳ್ಳು. ಭಟ್ಟಿಯ ಬಾಗಿಲನ್ನು ಹೊತ್ತಿಗೆ ಮುಂಚೆ ತೆಗೆದು, ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಇಷ್ಟು ವರ್ಷ ನಿನ್ನ ಮನೆಯ ಚಹಾ ಕುಡಿಯುತ್ತಲೇ ಬಾಯಿ ಮುಚ್ಚಿಕೊಂಡಿದ್ದೆ.

ಪುಣೆಯ ಆ ಪ್ರಯೋಗಾಲಯದಲ್ಲಿ ಗಡಿಯ ಜತ್ತ ತಾಲೂಕಿನವರೆಂದರೆ ನಾವಿಬ್ಬರೇ. ನೀನು ಡಫಳಾಪುರದವಳು, ನಾನು ಸಂಖದವಳು. ಸುತ್ತಲೂ ಮರಾಠಿ, ನಮ್ಮಿಬ್ಬರ ನಡುವೆ ಮಾತ್ರ ನಮ್ಮ ಕನ್ನಡ. ವಿಮಾನದ ಎಂಜಿನ್ನಿನ ಅತಿ ಕಾಯುವ ಭಾಗಗಳಿಗೆ ಬಳಸುವ ಮಿಶ್ರಲೋಹದ ಬಿಲ್ಲೆಗಳಿಗೆ ನೀನು ಲೇಪನ ಕೊಡುತ್ತಿದ್ದೆ, ನಾನು ಅವನ್ನು ಭಟ್ಟಿಯಲ್ಲಿಟ್ಟು ಕಾಯಿಸಿ ನೋಡುತ್ತಿದ್ದೆ. ಲೇಪನದಲ್ಲಿರುವ ಅಲ್ಯೂಮಿನಿಯಂ ಕಾದ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲೆ ತೆಳ್ಳಗೆ ಒಂದು ಪದರ ಕಟ್ಟಬೇಕು. ಒಳಗಿನ ಲೋಹವನ್ನು ಕಾಪಾಡುವುದು ಆ ಪದರವೇ. ನೀನು ಕೇಳಿಕೊಂಡಿದ್ದು ಒಂದೇ ಮಾತು: "ಮಾದೇವಿ, ಭಟ್ಟಿ ಪೂರಾ ಆರೂತನಕ ಬಾಗಲಾ ತಗೀಬ್ಯಾಡವಾ. ಲಗೂನ ತಣ್ಣಗಾದ್ರ ಪದರ ಸಿಡೀತದ."

ಅಂದು ಅಮಾವಾಸ್ಯೆ. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯ ದರ್ಶನವಾಗದೆ ಆ ದಿನ ಬಾಯಿಗೆ ಅನ್ನ ಇಡುವುದಿಲ್ಲ — ಅವ್ವ ಹಾಕಿಕೊಟ್ಟ ನಡಾವಳಿ. ಬೆಳಗಿನ ಬಸ್ಸು ತಪ್ಪಿದರೆ ದರ್ಶನವಿಲ್ಲ; ಭಟ್ಟಿಯೋ ಇನ್ನೂ ಕೆಂಪಗಿತ್ತು. ನನಗೆ ತಾಳ್ಮೆ ಹುಟ್ಟಿನಿಂದಲೇ ಇಲ್ಲ. ಬಾಗಿಲು ತೆಗೆದೆ. ಬಿಲ್ಲೆಗಳನ್ನು ಇಕ್ಕಳದಿಂದ ಎತ್ತಿ ಫ್ಯಾನಿನ ಮುಂದಿಟ್ಟೆ. ಚಟ್ ಚಟ್ ಎಂದಿತು — ಕೇಳಿಸಿತು, ರಜಿಯಾ, ಕೇಳಿಸಲಿಲ್ಲ ಎನ್ನಲಾರೆ. ಬೂದು ಹಕ್ಕಳೆಗಳು ಎದ್ದು ಉದುರಿದವು. ಎಂಜಿನ್ನೂ ಒಮ್ಮೊಮ್ಮೆ ಹೀಗೇ ತಟ್ಟನೆ ತಣಿಯುತ್ತದಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದನ್ನು ನೋಡುವ ಪರೀಕ್ಷೆಯೇ ಬೇರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಊರಿಂದ ಮರಳಿ ಬಂದು, ಪ್ರಸಾದದ ಕೊಬ್ಬರಿಯನ್ನು ನಿನ್ನ ಅಂಗೈಗೆ ಹಾಕುತ್ತಲೇ ಅಂದೆ: "ನಿನ್ನ ಲೇಪನ ತಡೀಲಿಲ್ಲ ನೋಡವಾ."

ನೀನು ಕೊಬ್ಬರಿಯನ್ನು ಕಣ್ಣಿಗೊತ್ತಿಕೊಂಡೆ. ಬಾಗಿಲು ಯಾವಾಗ ತೆಗೆದಿ ಎಂದು ಕೇಳಲೇ ಇಲ್ಲ. "ನೀ ನೋಡೀನಿ ಅಂದ್ರ ಮುಗೀತು. ನಂದ ಎಲ್ಲೋ ತಪ್ಪಿರಬೇಕು," ಅಂದೆ ನೀನು. ನಮ್ಮ ಸರ್ ನಿನ್ನ ಲೇಪನ ಕೈಬಿಟ್ಟು ಬೇರೆಯದನ್ನು ಹಿಡಿದರು. ನೀನು ಊರಿಗೆ ಹೋಗಿ ಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದೆ. ನಾನು ಅಲ್ಲೇ ಉಳಿದೆ, ಮೇಲೆ ಬಂದೆ, ಹೆಸರೂ... ಛೀ, ಬರೆಯಲೂ ನಾಚಿಕೆ.

ಹೀಗೇ ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಮೊನ್ನೆ ಫೋನಿನಲ್ಲಿ ನೀನು ನಗುತ್ತಲೇ ಹೇಳಿದೆ: "ನನ್ನ ಮಗಳು ನಸೀಮಾ ತಾನೂ ಲೋಹದ್ದ ಓದ್ತೀನಿ ಅಂತ ಹಟಾ ಹಿಡದಾಳ. ಬ್ಯಾಡ ಅಂದೀನಿ. ಅಮ್ಮಿಗೇ ಕೈ ಹತ್ತಲಿಲ್ಲ, ಇಕಿಗೆ ಹ್ಯಾಂಗ ಹತ್ತೀತು?"

ಆಗಲಾದರೂ ಹೇಳಬಹುದಿತ್ತು. "ಹೂಂ" ಅಂದೆ. ಬರೀ "ಹೂಂ".

ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ಆದರೆ ಈ ಅಮಾವಾಸ್ಯೆಗೆ ಗುಡ್ಡಾಪುರಕ್ಕೆ ಹೋಗುವುದಿಲ್ಲ. ಡಫಳಾಪುರಕ್ಕೆ ಬರುತ್ತೇನೆ, ಉಪವಾಸದಲ್ಲೇ. ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ನಿಂತು ನಿನ್ನ ಮಗಳಿಗೆ ಹೇಳುತ್ತೇನೆ: "ನಿಮ್ಮ ಅಮ್ಮಿ ಸೋತಿಲ್ಲ, ನಸೀಮಾ. ಅಕಿ ಗೆಲ್ತಾಳೋ ಇಲ್ಲೋ ನೋಡಾಕ ನಾನ ಬಿಡಲಿಲ್ಲ."