ಬೇಸ್ ಗಿಟಾರಿಗೊಂದು ವಾಲ್ವು

ನಾನು ಆರ್ಕೆಸ್ಟ್ರಾದಲ್ಲಿದ್ದೇನೆ ಎಂದರೆ ತುಮಕೂರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, “ಯಾವ ಹಾಡು ಹೇಳ್ತೀರಾ ಮೇಡಂ?” ನಾನು ಹಾಡುವುದಿಲ್ಲ. ಹೆಂಗಸು ವೇದಿಕೆಯ ಮೇಲೆ ನಿಂತರೆ ಕೈಯಲ್ಲಿ ಮೈಕ್ ಇರಬೇಕು ಅಂತ ಜನ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನ್ನ ಕೈಯಲ್ಲಿ ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ಇರುತ್ತದೆ.

ನನ್ನ ಊರು ಗುಬ್ಬಿ ತಾಲ್ಲೂಕಿನಲ್ಲಿ, ಹಾಗಲವಾಡಿಯ ಪಕ್ಕ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತಾರೆ. ಬೆಳಿಗ್ಗೆ ಎರಡು ಹಸು ಕರೆದು, ಬಸ್ಸಿನ ಫುಟ್‌ಬೋರ್ಡ್ ಹಿಡಿದು ಗುಬ್ಬಿಗೆ ಹೋಗಿ ಪಿಯುಸಿ ಓದಿದೆ. ಆಮೇಲೆ ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಮಾಡಿದೆ. ಎಲೆಕ್ಟ್ರಾನಿಕ್ಸ್ ಪೇಪರನ್ನು ಎರಡು ಸಲ ಬರೆದು ಪಾಸಾದೆ. ಅದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಎರಡನೆಯ ಸಲ ಅರ್ಥವಾಗಿಯೇ ಬರೆದದ್ದು. ಈಗ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದ್ದೇನೆ. ಬಂದವರು ನೋಡಲಿ.

ಬೇಸ್ ಗಿಟಾರ್ ಸಿಕ್ಕಿದ್ದು ಕಾಲೇಜಿನಲ್ಲಿ. ಹುಡುಗರಿಗೆಲ್ಲ ಲೀಡ್ ಗಿಟಾರೇ ಬೇಕಿತ್ತು. ದಪ್ಪ ತಂತಿಯದು ಬೆರಳು ನೋಯಿಸುತ್ತದೆಂದು ಮೂಲೆಗೆ ಒರಗಿಸಿಟ್ಟಿದ್ದರು. ಹಸು ಕರೆದ ಬೆರಳಿಗೆ ಆ ತಂತಿ ಏನೂ ಲೆಕ್ಕವಿರಲಿಲ್ಲ. ಮುಂದೆ ಕೆಲಸ ಸಿಕ್ಕ ಮೇಲೆ, ಮದುವೆಗಳಿಗೆ ಹೋಗುವ ಒಂದು ಆರ್ಕೆಸ್ಟ್ರಾದವರು ನನ್ನನ್ನು ಸೇರಿಸಿಕೊಂಡರು. ಅದರ ಯಜಮಾನರು ಕೀಬೋರ್ಡ್ ನುಡಿಸುವವರು, ನಾನು ಅವರನ್ನು ಅಣ್ಣ ಎನ್ನುತ್ತೇನೆ. ಬೇರೆ ಎರಡು ತಂಡದವರು “ಮನೇಲಿ ಒಪ್ತಾರಾ?” ಅಂತ ಕೇಳಿದ್ದರು. ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. “ಭಾನುವಾರ ಬಿಡುವಾ ಮೇಡಂ?”

ಅಂಥ ಮನುಷ್ಯನ ತಂಡದಲ್ಲಿ ನನ್ನ ವಾದ್ಯ ಯಾರಿಗೂ ಕೇಳಿಸುತ್ತಿರಲಿಲ್ಲ. ಕಲ್ಯಾಣ ಮಂಟಪಗಳು ಗುಂಯ್ ಎನ್ನುತ್ತವೆ. ಅಲ್ಲಿಯ ದೊಡ್ಡ ಬೇಸ್ ಬಾಕ್ಸುಗಳನ್ನು ಡ್ರಮ್ಮಿನ ಸದ್ದು ಕೊಡುವ ರಿದಂ ಪ್ಯಾಡ್ ತಿಂದುಹಾಕುತ್ತದೆ. ನಾನು ನುಡಿಸುವ ಸ್ವರ ಆ ಗುಡುಗುಡು ಸದ್ದಿನಲ್ಲಿ ಹೂತುಹೋಗುತ್ತಿತ್ತು. ಸೌಂಡಿನವರಿಗೆ ಹೇಳಿದರೆ ಇನ್ನಷ್ಟು ಬೇಸ್ ಏರಿಸುತ್ತಿದ್ದರು, ಗುಡುಗುಡು ಇನ್ನಷ್ಟು ಹೆಚ್ಚುತ್ತಿತ್ತು. ಹಗಲು ಆಟೋ ಓಡಿಸಿ, ಮದುವೆಗಳಲ್ಲಿ ಪ್ಯಾಡ್ ಬಾರಿಸುವ ನಮ್ಮವನೊಬ್ಬ ಒಂದು ದಿನ ಎಲ್ಲರೆದುರಿಗೇ ಹೇಳಿಬಿಟ್ಟ: “ಅಕ್ಕ, ಇದು ಬೇಸ್ ಗಿಟಾರಲ್ಲ ಬುಡಿ, ಬೇಸರದ ಗಿಟಾರು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಓದಲು ಕೂತೆ, ನನಗೆ ಗೊತ್ತಿರುವ ದಾರಿ ಅದೊಂದೇ. ಗಿಟಾರಿನಿಂದ ಬರುವ ಪುಟ್ಟ ಸಿಗ್ನಲ್ಲನ್ನು ಆಂಪ್ಲಿಫೈಯರಿಗೆ ಕಳಿಸುವ ಮೊದಲು ಹದ ಮಾಡುವ ಡಬ್ಬಕ್ಕೆ ಪ್ರಿಆಂಪ್ ಎನ್ನುತ್ತಾರೆ. ಅದರೊಳಗೆ ಎಲೆಕ್ಟ್ರಾನಿಕ್ ಚಿಪ್ಪಿನ ಬದಲು ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್ ಇದ್ದರೆ, ಸ್ವರಕ್ಕೆ ಅದರ ಎರಡರಷ್ಟು, ಮೂರರಷ್ಟು ಕಂಪನದ ಮರಿಸ್ವರಗಳು ಸೇರಿಕೊಳ್ಳುತ್ತವೆ. ತಳದ ಸ್ವರ ಹೂತುಹೋದರೂ ಮರಿಗಳು ಮೇಲೆ ಕಾಣಿಸಿಕೊಳ್ಳುತ್ತವೆ, ಕಿವಿ ಅವುಗಳ ತಾಯಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾರ್ಮೋನಿಕ್ಸ್ ಎನ್ನುವ ಈ ಮರಿಸ್ವರಗಳ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪೂರ್ತಿ ಅಂಕ ತೆಗೆದವಳು ನಾನು. ಅದರಿಂದ ಏನು ಉಪಯೋಗ ಅಂತ ಗೊತ್ತಾದದ್ದು ಆವತ್ತೇ.

ಆನ್‌ಲೈನಿನಲ್ಲಿ ಒಂದು ಡಬ್ಬ ತರಿಸಿದೆ. ಮುಂದುಗಡೆ ಜಾಲರಿ, ಅದರ ಹಿಂದೆ ಬೆರಳುದ್ದದ ಗಾಜಿನ ವಾಲ್ವು. ಸ್ವಿಚ್ ಒತ್ತಿದ ಕೂಡಲೇ ಕೇಸರಿ ಬಣ್ಣದಲ್ಲಿ ಝಗ್ಗನೆ ಬೆಳಗುತ್ತಿತ್ತು. ಏನು ಚೆಂದ! ಸ್ಟಾಫ್ ರೂಮಿಗೂ ಒಯ್ದು ತೋರಿಸಿದೆ. ಆಯುಧಪೂಜೆಯ ದಿನ ಅಣ್ಣ ಎಲ್ಲ ವಾದ್ಯಗಳಿಗೂ ಗಂಧ, ಕುಂಕುಮ ಹಚ್ಚುತ್ತಾ ಬಂದು, ಜಾಲರಿಯ ಸಂದಿಯಲ್ಲಿ ಬೆರಳು ತೂರಿಸಿ ವಾಲ್ವಿನ ಹಣೆಗೂ ಒಂದು ಬೊಟ್ಟಿಟ್ಟರು. “ಇನ್ಮೇಲೆ ಮೇಡಂದು ಕೇಳ್ಸುತ್ತೆ ನೋಡ್ರಪ್ಪ” ಎಂದರು.

ಕೇಳಿಸಲಿಲ್ಲ. ಎರಡು ತಿಂಗಳು ಆ ಗುಂಡಿ ತಿರುವಿದೆ, ಈ ಗುಂಡಿ ತಿರುವಿದೆ. ಬೆಳಕು ಹಾಗೇ ಇತ್ತು, ಗುಡುಗುಡು ಕೂಡ ಹಾಗೇ ಇತ್ತು. ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಅಣ್ಣ ಕೀಬೋರ್ಡಿನ ಕವರ್ ಎಳೆಯುತ್ತಾ, ನನ್ನ ಮುಖ ನೋಡದೆ ಹೇಳಿದರು.

“ಮೇಡಂ, ತಪ್ ತಿಳ್ಕೋಬೇಡಿ. ಮದ್ವೆ ಪಾರ್ಟಿಯವ್ರು ಐದೇ ಜನ ಸಾಕು ಅಂತವ್ರೆ. ವ್ಯಾನಲ್ಲೂ ಜಾಗ ಇಲ್ಲ. ಬೇಸ್ ನಾನೇ ಎಡಗೈಲಿ ಕೀಬೋರ್ಡಲ್ಲಿ ಹಿಡ್ಕೊಂಬುಡೋಣ ಅಂತ.”

ನಾನು ಗಿಟಾರಿನ ವೈರು ಸುತ್ತತೊಡಗಿದೆ.

“ಕುಣಿಗಲ್ದು ಬೀಗರೂಟ ಐತಲ್ಲ, ಅದೊಂದಕ್ಕೆ ಬನ್ನಿ. ನೋಡೋಣ” ಎಂದರು. ಹೇಳಲು ಅವರಿಗೂ ಕಷ್ಟವಾಗಿತ್ತು. ಕವರಿನ ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು.

ಕುಣಿಗಲ್ಲಿಗೆ ಮೂರು ವಾರವಿತ್ತು. ಆ ಡಬ್ಬ ಬೇರೆ ಗೊರಗೊರ ಎನ್ನಲು ಶುರುಮಾಡಿತ್ತು. ಊರಿಗೆ ಹೋಗುವಾಗ ಡಬ್ಬ, ಗಿಟಾರು ಎರಡನ್ನೂ ಹೊತ್ತು ಗುಬ್ಬಿಯಲ್ಲಿ ಇಳಿದು ರೇಡಿಯೋ ರಿಪೇರಿ ತಾತನ ಅಂಗಡಿಗೆ ಹೋದೆ. ಪಿಯುಸಿ ದಿನಗಳಿಂದ ಕಂಡ ಅಂಗಡಿ ಅದು. ಈಗ ಅಲ್ಲಿ ಮಿಕ್ಸಿ ಮತ್ತು ಟಿವಿ ರಿಮೋಟುಗಳೇ ಹೆಚ್ಚು, ಆದರೆ ಗೋಡೆಯ ಮೇಲಿನ ಹಲಗೆಯಲ್ಲಿ ಎರಡು ವಾಲ್ವ್ ರೇಡಿಯೋ ಇನ್ನೂ ಕೂತಿವೆ. ತಾತ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಾನು ಡಬ್ಬವನ್ನು ಮೇಜಿನ ಮೇಲಿಟ್ಟು, ವಾಲ್ವ್ ಅಂದರೇನು, ಹಾರ್ಮೋನಿಕ್ಸ್ ಅಂದರೇನು ಅಂತ ಅವರಿಗೇ ಪಾಠ ಮಾಡಿದೆ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ತಾತ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ಏರಿಸಿ ಜಾಲರಿಯೊಳಗೆ ಇಣುಕಿದರು.

“ಈ ಕುಂಕುಮ ಯಾವಾಗ ಇಟ್ಟಿದ್ದವ್ವ?”

“ಆಯುಧಪೂಜೇಲಿ ತಾತ.”

“ಅವತ್ತಿಂದ ದಿನಾ ಹಚ್ತೀಯಾ?”

“ಇಲ್ಲ, ಅವತ್ತಿಟ್ಟಿದ್ದೇ.”

“ಮತ್ತೆ ಈಗ ತಾನೇ ಇಟ್ಟಂಗೆ ಐತಲ್ಲ! ವಾಲ್ವ್ ಕಾದಿದ್ರೆ ಗಂಧ ಬಿರುಕ್ಬಿಟ್ಟು ಎಂದೋ ಉದುರೋಗ್ತಿತ್ತು.” ಮುಚ್ಚಳ ಬಿಚ್ಚಿ, ಪ್ಲಗ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಾಜನ್ನು ಮುಟ್ಟಿ ನೋಡಿದರು. “ತಣ್ಣಗೈತೆ. ಹೂಂ, ನೀನು ಬಾರಿಸ್ತಾ ಇರು.”

ಗಿಟಾರನ್ನು ಡಬ್ಬಕ್ಕೂ, ಡಬ್ಬವನ್ನು ಅಂಗಡಿಯ ಸ್ಪೀಕರಿಗೂ ಹಚ್ಚಿ ಬಾರಿಸುತ್ತಾ ಕೂತೆ. ತಾತ ಎರಡು ಬೆರಳಲ್ಲಿ ವಾಲ್ವನ್ನು ಹಿಡಿದು, ಮೆಲ್ಲಗೆ ಅಲುಗಾಡಿಸಿ, ಕಿತ್ತು ಅಂಗೈಯಲ್ಲಿಟ್ಟುಕೊಂಡರು. ನನ್ನ ಗಿಟಾರಿನ ಸದ್ದು ನಿಲ್ಲಲಿಲ್ಲ. ಕೂದಲೆಳೆಯಷ್ಟೂ ಬದಲಾಗಲಿಲ್ಲ. ವಾಲ್ವಿಲ್ಲದ ಖಾಲಿ ಸಾಕೆಟ್ಟಿನ ನಡುವಿನ ತೂತಿನಿಂದ ಕೇಸರಿ ಬೆಳಕು ಮಾತ್ರ ಹಾಗೇ ಬರುತ್ತಿತ್ತು. ಕೆಳಗೊಂದು ಎಲ್‌ಇಡಿ ಇಟ್ಟಿದ್ದರು. ಹತ್ತನೇ ಕ್ಲಾಸಿನ ಮಕ್ಕಳಿಗೆ ಎಲ್‌ಇಡಿ ತೋರಿಸಿ ಪಾಠ ಮಾಡುವವಳು ನಾನು. ಎರಡು ತಿಂಗಳು ಆ ಎಲ್‌ಇಡಿಯ ಮುಂದೆ ಕೂತಿದ್ದೇನೆ.

“ಹಸೂಗೆ ಹುಲ್ಲಾಕ್ದೆ ಕೊಂಬಿಗೆ ಬಣ್ಣ ಬಳ್ದವ್ರೆ ಕಣವ್ವ” ಎಂದರು ತಾತ. ನನ್ನ ಮುಖ ನೋಡಿ, ನಗುತ್ತಿದ್ದವರು ನಿಲ್ಲಿಸಿದರು. “ಓದಿದ್ದೇನೂ ಸುಳ್ಳಲ್ಲ ಬುಡು. ನೀನು ಹೇಳಿದ್ದೆಲ್ಲ ಸರೀನೇ. ಡಬ್ಬ ಸುಳ್ಳು ಅಷ್ಟೆ.”

ಆ ಮಾತಿಗೆ ನನಗೆ ಅಳು ಬಂತು. ಟೀ ತರಿಸಿ ಕೊಟ್ಟರು.

ಆಮೇಲೆ ಹಲಗೆಯಿಂದ ಒಂದು ರೇಡಿಯೋ ಇಳಿಸಿ, ಹಿಂದಿನ ರಟ್ಟು ತೆಗೆದು ಪ್ಲಗ್ ಹಾಕಿದರು. ಎಡಗೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡು ಬಲಗೈಯಲ್ಲಷ್ಟೇ ಮೀಟರಿನ ಕಡ್ಡಿ ಮುಟ್ಟಿಸಿದರು. ವಾಲ್ವಿನ ಕರೆಂಟು ಜೋರು, ಎರಡೂ ಕೈ ಒಳಗಿಟ್ಟರೆ ಒಂದರಿಂದ ಹೊಕ್ಕು ಎದೆ ದಾಟಿ ಇನ್ನೊಂದರಲ್ಲಿ ಹೊರಡುತ್ತದಂತೆ. ಯಾರೂ ಹೇಳದಿದ್ದರೂ ನಾನೂ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು ನಿಂತೆ. ರೇಡಿಯೋ ಸುಮ್ಮನಿತ್ತು. ಗಾಜಿನೊಳಗೆ ತಳದಲ್ಲಿ, ಬೂದಿ ಮುಚ್ಚಿದ ಕೆಂಡದಷ್ಟು ಸಣ್ಣ ಕೆಂಪು ಕಂಡಿತು. ಎಷ್ಟೋ ಹೊತ್ತಿನ ಮೇಲೆ, ದೂರದಿಂದ ನಡೆದು ಬಂದ ಹಾಗೆ ಧ್ವನಿ ಬಂತು.

“ಕೋಳಿ ಕಾವಿಗೆ ಕೂತಂಗೆ ಇದು. ಕಾವು ಬರೋಗಂಟ ಮಾತಾಡಕ್ಕಿಲ್ಲ. ಇನ್ನೊಂದ್ ತಗೊಳೋವಾಗ ಝಗ್ ಅನ್ನೋದ್ ನೋಡ್ಬೇಡ. ಸ್ವಿಚ್ ಹಾಕಿದ್ ತಕ್ಷಣ ಮಾತಾಡ್ತೋ, ಎದ್ ಬಂದ್ಬುಡು.”

ತುಮಕೂರಿನಲ್ಲಿ ಒಬ್ಬ ಹಿರಿಯರು ಬೆರಳಿಗೆ ಸಂಧಿವಾತ ಬಂದು ಗಿಟಾರ್ ನುಡಿಸುವುದನ್ನು ಬಿಟ್ಟು, ತಮ್ಮ ಸಾಮಾನು ಮಾರುತ್ತಿದ್ದಾರೆಂದು ಗೊತ್ತಾಯಿತು. ಅವರ ಪ್ರಿಆಂಪ್ ಬೂದು ಬಣ್ಣದ ತಗಡಿನ ಡಬ್ಬ. ಜಾಲರಿಯಿಲ್ಲ, ವಾಲ್ವು ಹೊರಗೆ ಕಾಣುವುದೇ ಇಲ್ಲ, ಎತ್ತಿದರೆ ಕಲ್ಲಿನ ಭಾರ. ನಾನು ತಾತನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟೆ. ಸ್ವಿಚ್ ಒತ್ತಿ ತಂತಿ ಮೀಟಿದೆ. ಸದ್ದಿಲ್ಲ.

“ಬಂತಾ?” ಫೋನಿನಿಂದ ತಾತ.

“ಇಲ್ಲ ತಾತ.”

“ಒಳ್ಳೇದು.”

ಮತ್ತೆ ಮೀಟಿದೆ.

“ಈಗ?”

“ಇಲ್ಲ.”

“ಇನ್ನೂ ಒಳ್ಳೇದು!”

ಮಾರುವವರು ಗಾಬರಿಯಾದರು. “ಅಯ್ಯೋ ಮೇಡಂ, ಕೆಟ್ಟೋಗಿಲ್ಲ, ಸ್ವಲ್ಪ ಇರಿ” ಎಂದು ಎದ್ದು ನಿಂತರು. ಅಷ್ಟರಲ್ಲಿ ಸ್ವರ ಬಂತು. ಅದೇ ಗಿಟಾರು, ಅದೇ ಬೆರಳು. ಆದರೆ ಸ್ವರಕ್ಕೆ ಒಂದು ಅಂಚು ಬಂದಿತ್ತು, ಕತ್ತಲಲ್ಲಿ ಕೈಗೆ ಸಿಗುವ ಗೋಡೆಯ ಹಾಗೆ. ಅವರು ಕಣ್ಣು ಮುಚ್ಚಿ ಕೇಳಿದರು. ತಮ್ಮ ಬೆರಳುಗಳನ್ನು ಒಮ್ಮೆ ಉಜ್ಜಿಕೊಂಡರು. “ಚೆನ್ನಾಗ್ ನೋಡ್ಕೊಳಿ” ಎಂದರು, ಮಗಳನ್ನು ಕೊಡುವವರ ಹಾಗೆ.

ಡಬ್ಬ ಬಂದ ಮಾತ್ರಕ್ಕೆ ಮುಗಿಯಲಿಲ್ಲ. ಸಿಗ್ನಲ್ಲನ್ನು ಹಿಗ್ಗಿಸುವ ಗೇನ್ ಗುಂಡಿಯನ್ನು ಬಹಳ ಏರಿಸಿದರೆ ಹರಿದ ಸ್ಪೀಕರಿನಂತೆ ಅರಚುತ್ತಿತ್ತು, ಇಳಿಸಿದರೆ ಸಪ್ಪೆ. ಸಂಜೆ ಸಂಜೆ ಕೂತು, ಜೋರಾಗಿ ಮೀಟಿದಾಗ ಮಾತ್ರ ಸ್ವಲ್ಪ ಗೊಗ್ಗರಾಗುವ ಜಾಗ ಹುಡುಕಿದೆ. ಇನ್ನೊಂದು ಸಂಗತಿ ತಿಳಿಯಲು ವಾರ ಹಿಡಿಯಿತು: ಬೇಸ್ ಕೇಳಿಸಬೇಕಾದರೆ ಬೇಸ್ ಗುಂಡಿಯನ್ನು ಇಳಿಸಬೇಕು, ನಡುಮಟ್ಟದ ಸ್ವರಗಳ ಗುಂಡಿಯನ್ನು ಏರಿಸಬೇಕು. ಸರಿಯಾದ ಜಾಗಗಳಿಗೆಲ್ಲ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟುಗಳನ್ನು ಅಂಟಿಸಿದೆ. ಈ ಸಲ ವಾಲ್ವಿಗೆ ಕುಂಕುಮ ಇಡಲಿಲ್ಲ.

ಕುಣಿಗಲ್ಲಿನ ಬೀಗರೂಟ ಮಟಮಟ ಮಧ್ಯಾಹ್ನ. ಒಂದು ಕಡೆ ಮುದ್ದೆ, ಮಟನ್ ಸಾರಿನ ಪಂಕ್ತಿ, ಇನ್ನೊಂದು ಕಡೆ ಶಾಮಿಯಾನದ ಕೆಳಗೆ ನಾವು. ಸೌಂಡಿನವನು ಅಭ್ಯಾಸದಂತೆ ನನ್ನ ಬೇಸ್ ಏರಿಸಲು ಬಂದ. “ಮುಟ್ಟಬೇಡ ಕಣಪ್ಪ, ನನ್ನ ಬೊಟ್ಟು ಇರೋದು ಅಲ್ಲೇ” ಎಂದೆ. ಮೂರು ಹಾಡು ನುಡಿಸಿದೆವು. ಮದುಮಗನ ಸೋದರಮಾವಂದಿರು ಕುಣಿಯಲು ಇಳಿದರು. ನನಗೆ ನನ್ನ ಸ್ವರ ಕೇಳುತ್ತಿತ್ತು. ಅಣ್ಣನಿಗೆ ಕೇಳುತ್ತಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಅವರು ತಲೆ ಎತ್ತಲಿಲ್ಲ.

ನಾಲ್ಕನೇ ಹಾಡಿನ ನಡುವೆ ಕರೆಂಟ್ ಹೋಯಿತು. ಒಂದೆರಡು ನಿಮಿಷ ಕಳೆದು ಜನರೇಟರ್ ಒಂದು ಕೂಗು ಹಾಕಿ ಶುರುವಾಯಿತು. ಅಣ್ಣನ ಕೀಬೋರ್ಡು, ಪ್ಯಾಡು, ಮಿಕ್ಸರು ಯುಪಿಎಸ್ ಮೇಲಿದ್ದವು, ಸ್ಪೀಕರಿಗೆ ಕರೆಂಟ್ ಬಂದ ಕೂಡಲೇ ಹಾಡನ್ನು ಎತ್ತಿಕೊಂಡರು. ನಾನೂ ಮೀಟಿದೆ. ಸದ್ದಿಲ್ಲ. ನನ್ನ ವಾಲ್ವು ತಣ್ಣಗಾಗಿತ್ತು, ಅದು ಮತ್ತೆ ಕಾವಿಗೆ ಕೂರಬೇಕಿತ್ತು.

ಇದನ್ನು ಯೋಚಿಸಿಯೇ ಇರಲಿಲ್ಲ. ಅಣ್ಣ ನನ್ನ ಕಡೆ ಒಮ್ಮೆ ನೋಡಿ, ಎಡಗೈಯನ್ನು ಕೆಳಗಿನ ಕೀಗಳಿಗೆ ಇಳಿಸಿದರು. ಬೇಸ್ ಹಿಡಿದರು. ಚೆನ್ನಾಗಿಯೇ ಹಿಡಿದರು, ಸುಳ್ಳು ಹೇಳಬಾರದು. ಆದರೆ ಆ ಕೈ ಅಲ್ಲಿಯವರೆಗೆ ಹಿಡಿದಿದ್ದ ಕಾರ್ಡುಗಳು, ಅಂದರೆ ಹಾಡನ್ನು ತುಂಬುವ ಜೋಡಿಸ್ವರಗಳು, ಬಿಟ್ಟುಹೋದವು, ಹಾಡು ಬಡಕಲಾಯಿತು. ಕರವಸ್ತ್ರ ಬೀಸುತ್ತಾ ಕುಣಿಯುತ್ತಿದ್ದ ಸೋದರಮಾವನೊಬ್ಬ ನಿಂತುಬಿಟ್ಟ.

“ಏಯ್, ಏನೋ ಒಂದ್ ನಿಂತೋಗದೆ ಕಣ್ರಪ್ಪ!” ಎಂದು ನಮ್ಮ ಕಡೆ ಕೂಗಿದ. “ಕಾಲೇ ಏಳಕ್ಕಿಲ್ಲ ಅಂತದೆ!”

ಏನು ನಿಂತಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಒಳ್ಳೇದು, ಇನ್ನೂ ಒಳ್ಳೇದು ಎನ್ನುವ ತಾತನ ಧ್ವನಿ ತಲೆಯಲ್ಲಿ ಓಡುತ್ತಿತ್ತು. ನಾನು ಕೇಳಿಸದ ತಂತಿಯನ್ನೇ ತಾಳ ತಪ್ಪದಂತೆ ಮೀಟುತ್ತಾ ನಿಂತೆ. ಸ್ವರ ಮೊದಲು ಮೆಲ್ಲಗೆ ಬಂತು, ನಾಲ್ಕು ಏಟಿನಲ್ಲಿ ಪೂರ್ತಿ ಬಂತು. ಸೋದರಮಾವನ ಕರವಸ್ತ್ರ ಮೇಲೆ ಹೋಯಿತು. ಅಣ್ಣ ತಮ್ಮ ಎಡಗೈಯನ್ನು ಕೆಳಗಿನ ಕೀಗಳಿಂದ ಎತ್ತಿ, ಮೊದಲಿದ್ದ ಜಾಗದಲ್ಲಿಟ್ಟರು.

ಊಟ ಮುಗಿಸಿ ವ್ಯಾನಿಗೆ ಸಾಮಾನು ತುಂಬುವಾಗ ಅಣ್ಣ ಆ ಬೂದು ಡಬ್ಬವನ್ನು ತಾವೇ ಎತ್ತಿದರು. ತಗಡು ಇನ್ನೂ ಬಿಸಿಯಿತ್ತು. ಕೈ ಬದಲಿಸಿಕೊಂಡು ಒಳಗೆ ಸೀಟಿನ ಕೆಳಗೆ ಜಾಗ ಮಾಡಿ ಇಟ್ಟರು. ಅಲ್ಲಿ ಜಾಗವಿತ್ತು.

“ಮೇಡಂ,” ಎಂದರು, ಬಾಗಿಲು ಎಳೆಯುತ್ತಾ, “ಮುಂದಿನ್ ಸಲ ಇದನ್ನೂ ಯುಪಿಎಸ್‌ಗೆ ಹಾಕ್ಕೊಳಿ.”