ಕಡೆಯ ಪುಟದಿಂದ ಶುರುವಾದ ಕತೆ

ಆಗೆಲ್ಲ ನಮ್ಮೂರು ಅಂಕಲಿಯ ಮನೆಗಳಲ್ಲಿ ಪುಸ್ತಕವೆಂದರೆ ಒಂದೋ ಶಾಲೆಯದು, ಇಲ್ಲವೇ ಪಂಚಾಂಗ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಣ್ಣದ ಚಿತ್ರಗಳ ಕತೆ ಪುಸ್ತಕ ನಮ್ಮ ಓಣಿಗೆ ಮೊದಲು ಬಂದದ್ದು ನನ್ನ ತಂಗಿ ಮಾಲುವಿನ ಜೊತೆ, ಮಿರಜದ ದವಾಖಾನೆಯಿಂದ. ನನಗಾಗ ಒಂಬತ್ತು, ಅವಳಿಗೆ ಏಳು. ಅವಳ ತಲೆಗೂದಲೆಲ್ಲ ಉದುರಿತ್ತು. ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರಂತೆ. ಅದರ ಅರ್ಥ ಗೊತ್ತಾಗದೆ ನಾನು ಖುಷಿಪಟ್ಟೆ.

ಪುಸ್ತಕ ಮರಾಠಿಯದು. ಮುಖಪುಟದ ಮೂಲೆಯಲ್ಲಿ ಬಂಗಾರ ಬಣ್ಣದ ದುಂಡನೆಯ ಮುದ್ರೆ. ಬಹುಮಾನ ಬಂದ ಪುಸ್ತಕ ಎಂದು ಅಪ್ಪ ಹೇಳಿದ. ದವಾಖಾನೆ ಎದುರಿನ ಅಂಗಡಿಯಲ್ಲಿ ಚಿತ್ರ ಚೆನ್ನಾಗಿದೆಯೆಂದು ಕೊಂಡಿದ್ದ, ಓದಿ ನೋಡಿರಲಿಲ್ಲ. ನಮ್ಮ ಕಡೆ ಮರಾಠಿ ಮಾತು ಎಲ್ಲರಿಗೂ ಬರುತ್ತದೆ, ಓದು ಮಾತ್ರ ಮನೆಯಲ್ಲಿ ಅಪ್ಪನಿಗಷ್ಟೇ. ಬಂದ ದಿನ ಅವನು ಹಿತ್ತಲಲ್ಲಿ ಕೂತು ಆಯಿಗೆ, ಅಂದರೆ ನಮ್ಮ ಅಜ್ಜಿಗೆ, ಓದಿ ಹೇಳಿದ. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಯಾವುದೋ ಹಳೆಯ ಜನಪದ ಕತೆ. ಕುರಿ ಕಾಯುವವನ ಮಗಳು ಕಳೆದುಹೋದ ಮರಿಯನ್ನು ಹುಡುಕುತ್ತ ಹೋಗುತ್ತಾಳೆ. ದಾರಿ ಕೇಳಿದರೆ ಕೊಕ್ಕರೆ ಅವಳ ಬಳೆ ಕಸಿದುಕೊಳ್ಳುತ್ತದೆ, ಜಾಲಿಮರ ಜಡೆ ಕಸಿದುಕೊಳ್ಳುತ್ತದೆ, ಹೊಳೆ ಉಸಿರನ್ನೇ ಕೇಳುತ್ತದೆ. ಕಡೆಯ ಚಿತ್ರದಲ್ಲಿ ಹುಡುಗಿ ಹೊಳೆಯೊಳಗೆ ಕಲ್ಲಾಗಿ ಮಲಗಿದ್ದಾಳೆ, ಕಲ್ಲಿನ ಮೇಲೆ ಮರಿ ನಿಂತಿದೆ. ಇಂಥದ್ದಕ್ಕೆ ಬಹುಮಾನ ಕೊಟ್ಟವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ಇಂಥಾದ್ಯಾಕ ತಂದ್ಯೋ ಖೋಡಿ?" ಎಂದಳು ಆಯಿ. ಅಪ್ಪ ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟ.

ಸಂಜೆ ಮಾಲು ಪುಸ್ತಕ ಕೇಳಿದಳು. ಹೊರಗೆ ಸೀತನಿ ಸುಡುತ್ತಿದ್ದರು. ಎಳೆಜೋಳದ ತೆನೆ ಕೆಂಡದಲ್ಲಿ ಬೇಯುವ ವಾಸನೆ ಮನೆ ತುಂಬಿತ್ತು. ಆಯಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಡೆಯ ಪುಟ ತೆಗೆದಳು.

"ಒಂದು ಹೊಳಿಯಾಗ ಒಂದು ಕಲ್ಲು ಇತ್ತವ್ವಾ. ಅದರ ಮ್ಯಾಲ ಕುರಿಮರಿ ಕಾಲಿಡ್ತು ನೋಡು, ಕಲ್ಲು ಹೋಗಿ ಹುಡುಗಿ ಆಗಿ ಎದ್ದು ಕುಂತಳು."

ಹೊಳೆ ಉಸಿರು ಕೊಟ್ಟಿತು. ಜಾಲಿಮರ ಜಡೆ ಕೊಟ್ಟಿತು, ಕೊಕ್ಕರೆ ಬಳೆ ತೊಡಿಸಿತು. ಆಯಿ ಹಿಂದಿನಿಂದ ಮಗುಚುತ್ತ ಮೊದಲ ಪುಟಕ್ಕೆ ಬರುವಷ್ಟರಲ್ಲಿ ಹುಡುಗಿ ಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದಳು. ಒಲೆಯ ಮುಂದಿದ್ದ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಹಂಗಾರ ನನಗೂ ಜಡಿ ಬರ್ತೈತಿ?" ಮಾಲು ಕೇಳಿದಳು.

"ಬರಲಾರದ ಏನವ್ವಾ! ಯುಗಾದಿಗೆ ಹೂವ ಮುಡಸ್ತೀನಿ ನೋಡು."

ದಿನಾ ಸಂಜೆ ಅದೇ ಕತೆ. ಓಣಿಯ ಹುಡುಗಿಯರು ಗಜಗ ಆಡಲು ಕರೆದರೂ ನಾನು ಹೋಗುತ್ತಿರಲಿಲ್ಲ. ಪುಸ್ತಕದಲ್ಲಿದ್ದ ಕತೆ ಕೇಳಿಯೂ ನಾನು ಆಯಿಯ ಕತೆಯನ್ನೇ ನಂಬಿಬಿಟ್ಟಿದ್ದೆ. ಅಪ್ಪ ಮಾತ್ರ ಆ ಹೊತ್ತಿಗೆ ಎತ್ತಿಗೆ ಮೇವು ಹಾಕುವ ನೆಪ ಮಾಡಿ ಎದ್ದುಹೋಗುತ್ತಿದ್ದ. ಮಾಲು ದಿನದಿನಕ್ಕೆ ಇಳಿದಳು. ರೊಟ್ಟಿ ಬಿಟ್ಟಳು, ಆಮೇಲೆ ಅಂಬಲಿ ಬಿಟ್ಟಳು. ಕತೆ ಬಿಡಲಿಲ್ಲ.

ಒಂದು ಮಧ್ಯಾಹ್ನ ಆಯಿ ನೀರಿಗೆ ಹೋಗಿದ್ದಾಗ ನಾನೇ ಹೇಳುತ್ತೇನೆಂದು ಪುಸ್ತಕ ಹಿಡಿದು, ಆಯಿಯ ಹಾಗೆ ಕಡೆಯ ಪುಟ ತೆಗೆದೆ.

"ಬ್ಯಾಡಕ್ಕಾ," ಎಂದಳು ಮಾಲು. "ಅದು ಹಂಗಿಲ್ಲ. ಆಕಿ ಕಲ್ಲಾಗೇ ಇರ್ತಾಳ. ಮಿರಜದಾಗ ಬಾಜೂ ಕಾಟಿನ ಮ್ಯಾಲ ಮಲಗಿದ್ದ ಹುಡುಗಿ ನನಗ ಎಲ್ಲಾ ಓದಿ ಹೇಳ್ಯಾಳ. ಅಪ್ಪ ಚಾ ಕುಡ್ಯಾಕ ಹೋಗಿದ್ದ."

ನಾನು ಪುಸ್ತಕ ಮುಚ್ಚಿದೆ. "ಮತ್ತ ಆಯಿಗೆ ಯಾಕ ಹೇಳಿಲ್ಲ?"

"ಹೇಳಿದ್ರ ಆಯಿ ಅಳ್ತಾಳ. ನೀನೂ ಹೇಳಬ್ಯಾಡ."

ಅವತ್ತು ಸಂಜೆಯೂ ಆಯಿ ಕತೆ ಹೇಳಿದಳು. ಮಾಲು ದಿನದಂತೆಯೇ ಹೂಂಗುಟ್ಟಿದಳು. ಜಡೆಯ ಪುಟ ಬಂದಾಗ ಬೋಳುತಲೆ ಸವರಿಕೊಂಡು ನಕ್ಕಳು. ನನಗೆ ನೋಡಲಾಗಲಿಲ್ಲ. ಎದ್ದು ಅಪ್ಪನ ಬಳಿ ಕೊಟ್ಟಿಗೆಗೆ ಹೋದೆ.

ಯುಗಾದಿಗೆ ಮೊದಲೇ ಮಾಲು ಹೋದಳು. ಮಾತಾಡಿಸಲು ಬಂದ ಹೆಂಗಸರಿಗೆಲ್ಲ ಆಯಿ ಒಂದೇ ಮಾತು ಹೇಳುತ್ತಿದ್ದಳು: "ಕೂಸಿಗೆ ಕಡೀತನಕಾ ಏನೂ ಗೊತ್ತಾಗಲಿಲ್ರೀ. ಅಂಜಿಕಿ ಇಲ್ದ ಹೋತು. ಅಷ್ಟಾದ್ರೂ ನನ್ನ ಕೈಲೆ ಆತು." ನಾನು ಕಂಬಕ್ಕೆ ಒರಗಿ ಬಾಯಿ ಮುಚ್ಚಿಕೊಂಡಿದ್ದೆ. ಆಯಿ ಸಾಯುವವರೆಗೂ ಹಾಗೇ ಇದ್ದೆ.

ನಮ್ಮ ಮನೆಯ ಕಪಾಟಿನಲ್ಲಿ ಈಗ ಬಹುಮಾನ ಬಂದ ಚಿತ್ರಪುಸ್ತಕಗಳೇ ಎಷ್ಟೋ ಇವೆ. ಒಳ್ಳೆಯ ಕಾಗದ, ಒಳ್ಳೆಯ ಬಣ್ಣ. ಮಗನಿಗೆ ನಾನು ಅಚ್ಚಾದದ್ದನ್ನು ಅಚ್ಚಾದಂತೆಯೇ ಓದಿ ಹೇಳಿ ಬೆಳೆಸಿದೆ. ಕಡೆಯ ಪುಟದಿಂದ ಶುರುಮಾಡುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೆ ಹಾಗೆ ಹೇಳುವವಳೂ ಬೇಕು, ಎಲ್ಲ ಗೊತ್ತಿದ್ದೂ ಹೂಂಗುಟ್ಟುವವಳೂ ಬೇಕು. ಇಬ್ಬರೂ ಇಲ್ಲ.